ಹಳೆಯ ರೆಕಾರ್ಡ್ ಪ್ಲೇಯರಿಗೆ ಮರುಜೀವ: ಮನೆಯಲ್ಲೇ ಮಾಡಬಹುದಾದ ದುರಸ್ತಿ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕೆಲವು ಕನ್ನಡ ಮನೆಗಳ ಅಟ್ಟದಲ್ಲಿ ಹಳೆಯ ರೆಕಾರ್ಡ್ ಪ್ಲೇಯರೊಂದು ಉಳಿದಿರುವುದುಂಟು. ಅದರ ಜೊತೆಗೆ ಅಜ್ಜನ ಕಾಲದ ರೆಕಾರ್ಡುಗಳ ಕಟ್ಟೊಂದೂ ಇರುತ್ತದೆ. ಕೊಳ್ಳೇಗಾಲ ತಾಲ್ಲೂಕು 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಅನಂತರ ಗಡಿ ಬದಲಾಯಿತು, ಮನೆಮಾತು ಬದಲಾಗಲಿಲ್ಲ. ಪಿ. ಕಾಳಿಂಗರಾಯರ ಕಂಠದ ಭಾವಗೀತೆಯಾಗಲಿ, ನಾಟಕದ ಹಾಡಾಗಲಿ, ಹಳೆಯ ಚಿತ್ರಗೀತೆಯಾಗಲಿ, ಶಾಲೆಯಲ್ಲಿ ಕನ್ನಡ ಓದಿ ಬೀದಿಯಲ್ಲಿ ತಮಿಳು ಕೇಳುವ ಮಕ್ಕಳಿಗೆ ಆ ರೆಕಾರ್ಡು ಕನ್ನಡದ ಉಚ್ಚಾರವನ್ನು ಕಿವಿಯಿಂದಲೇ ಕಲಿಸಬಲ್ಲದು.

ಆದರೆ ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರಕ್ಕೆ ಒಮ್ಮೆಲೇ ವಿದ್ಯುತ್ ಕೊಟ್ಟು, ಮನೆಯಲ್ಲಿರುವ ಅಮೂಲ್ಯ ರೆಕಾರ್ಡನ್ನೇ ಮೊದಲು ಅದರ ಮೇಲಿಡುವುದು ಅವಿವೇಕ. ಸವೆದ ಮುಳ್ಳು ಹಾಡನ್ನು ಓದುವುದರ ಜೊತೆಗೆ ಅದನ್ನು ಕೆರೆದೂ ಹಾಕುತ್ತದೆ. ಹೀಗೆ ಅಳಿದ ಗೆರೆಯನ್ನು ಮತ್ತೆ ಮೂಡಿಸುವ ವಿದ್ಯೆ ಯಾವುದೂ ಇಲ್ಲ. ಆದ್ದರಿಂದ ಯಂತ್ರವನ್ನು ಮೊದಲು ಸರಿಪಡಿಸಬೇಕು. ಉತ್ತಮಪಡಿಸುವ ವಿಚಾರ ಆಮೇಲಿನದು.

ಮೊದಲು ಮುಳ್ಳು

ಮಿನಿಟಿಗೆ 78 ಸುತ್ತು ತಿರುಗುವ ಹಳೆಯ ರೆಕಾರ್ಡುಗಳು ಬಹುಮಟ್ಟಿಗೆ ಅರಗಿನಿಂದ ಮಾಡಿದವು. ಅವುಗಳ ಗೆರೆ ಅಗಲ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಹೊರತಂದ, ಮಿನಿಟಿಗೆ 33⅓ ಸುತ್ತು ತಿರುಗುವ ವಿನೈಲ್ ಎಲ್.ಪಿ.ಯ ಗೆರೆ ಬಹಳ ಕಿರಿದು. ಮೊದಲನೆಯದಕ್ಕೆ ಮುಳ್ಳಿನ ತುದಿಯ ತ್ರಿಜ್ಯ ಅಂಗುಲದ ಸಾವಿರದಲ್ಲಿ ಸುಮಾರು 3 ಭಾಗ ಇರಬೇಕು. ಎರಡನೆಯದಕ್ಕೆ 1 ಭಾಗ ಅಥವಾ ಅದಕ್ಕಿಂತ ಕಡಿಮೆ. ಎಲ್.ಪಿ. ಮುಳ್ಳು 78ರ ಗೆರೆಯ ತಳಕ್ಕಿಳಿದು ಅಲ್ಲಿನ ಧೂಳಿನ ಸದ್ದನ್ನೇ ಎತ್ತುತ್ತದೆ. 78ರ ಮುಳ್ಳನ್ನು ಎಲ್.ಪಿ.ಯ ಮೇಲಿಟ್ಟರೆ ಗೆರೆಯೇ ಹಾಳಾಗುತ್ತದೆ. ಅನೇಕ ಹಳೆಯ ಪ್ಲೇಯರುಗಳಲ್ಲಿ ಸಣ್ಣ ಹಿಡಿಯೊಂದನ್ನು ತಿರುಗಿಸಿ ಎರಡರಲ್ಲಿ ಒಂದು ಮುಳ್ಳನ್ನು ಆರಿಸುವ ಏರ್ಪಾಡಿದೆ. ಅದು ಯಾವ ಕಡೆಗಿದೆಯೆಂದು ಪ್ರತಿ ಸಲವೂ ನೋಡಿಕೊಳ್ಳಬೇಕು. ನೀಲಮಣಿಯ ಮುಳ್ಳು ಬೇಗ ಸವೆಯುತ್ತದೆ. ವಜ್ರದ್ದು ನೂರಾರು ಗಂಟೆ ಬಾಳುತ್ತದೆ. ಎಷ್ಟು ಬಳಕೆಯಾಗಿದೆಯೆಂದು ತಿಳಿಯದ ಮುಳ್ಳನ್ನು ಸವೆದದ್ದೆಂದೇ ಭಾವಿಸಿ ಬದಲಾಯಿಸುವುದು ಲೇಸು.

ವೇಗದ ಲೆಕ್ಕ

ವೇಗ ತಪ್ಪಿದರೆ ಶ್ರುತಿಯೂ ತಪ್ಪುತ್ತದೆ. ಇದನ್ನು ಪರೀಕ್ಷಿಸಲು ಉಪಕರಣ ಬೇಕಿಲ್ಲ. ಬೆಲೆಯಿಲ್ಲದ ಒಂದು ರೆಕಾರ್ಡನ್ನು ಇಟ್ಟು, ಅದರ ನಡುವಿನ ಲೇಬಲ್ಲಿನ ಮೇಲೆ ಚಿಕ್ಕ ಕಾಗದದ ಚೂರನ್ನು ಅಂಟಿಸಿ, ಮುಳ್ಳನ್ನು ಇಳಿಸಿ ಸುತ್ತುಗಳನ್ನು ಎಣಿಸಬೇಕು. 33⅓ರ ವೇಗದಲ್ಲಿ 3 ಮಿನಿಟಿಗೆ ಸರಿಯಾಗಿ 100 ಸುತ್ತು ಬರಬೇಕು. 45ರಲ್ಲಿ 2 ಮಿನಿಟಿಗೆ 90. ಮಕ್ಕಳಿಗೆ ಇದು ಒಳ್ಳೆಯ ಗಣಿತದ ಪಾಠವೂ ಹೌದು.

ವೇಗ ಕಡಿಮೆಯಾಗಿದ್ದರೆ ಕಾರಣ ಸಾಮಾನ್ಯವಾಗಿ ಮೂರು: ಒಣಗಿದ ಎಣ್ಣೆ, ಸಡಿಲವಾದ ಬೆಲ್ಟು, ಗಡುಸಾದ ರಬ್ಬರ್ ಚಕ್ರ. ತಿರುಗುತಟ್ಟೆಯನ್ನು ಎತ್ತಿ, ನಡುವಿನ ಕಂಬದ ಹಳೆಯ ಜಿಡ್ಡನ್ನು ಒರೆಸಿ, ತೆಳು ಎಣ್ಣೆಯ ಒಂದೆರಡು ಹನಿ ಬಿಟ್ಟರೆ ಸಾಕು. ಹೊಲಿಗೆ ಯಂತ್ರದ ಎಣ್ಣೆ ಇದಕ್ಕೆ ಹೊಂದುತ್ತದೆ. ಬನಿಯನ್ ನಗರವಾದ ತಿರುಪ್ಪೂರಿನಲ್ಲಿ ಅದಕ್ಕೇನು ಬರಗಾಲ? ಬೆಲ್ಟಿಗಾಗಲಿ ರಬ್ಬರ್ ಚಕ್ರಕ್ಕಾಗಲಿ ಎಣ್ಣೆ ತಗಲಬಾರದು.

ಮೋಟಾರೇ ಕೆಟ್ಟಿದ್ದರೂ ನಿರಾಶೆ ಬೇಡ. ಜಿ.ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು ಅವರ ಪ್ರಯತ್ನದಿಂದ 1937ರಲ್ಲಿ ದೇಶದ ಮೊದಲ ವಿದ್ಯುತ್ ಮೋಟಾರನ್ನು ತಯಾರಿಸಿದ ಊರು ಕೊಯಮತ್ತೂರು. ಮೋಟಾರಿಗೆ ತಂತಿ ಸುತ್ತುವ ಕೈಗಳು ಇಲ್ಲಿ ಇಂದಿಗೂ ಇವೆ. ಅಮೆರಿಕದಿಂದ ಬಂಧುಗಳು ತಂದ ಹಳೆಯ ಪ್ಲೇಯರಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅಲ್ಲಿನ ವಿದ್ಯುತ್ತಿನ ಆವರ್ತನ 60, ಇಲ್ಲಿನದು 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸೀತೇ ಹೊರತು ಆವರ್ತನವನ್ನು ಬದಲಿಸದು. ಅಂಥ ಯಂತ್ರ 33⅓ ಸುತ್ತಿನ ಬದಲು 28ಕ್ಕೂ ಕಡಿಮೆ ಸುತ್ತು ತಿರುಗುತ್ತದೆ. ಅದರ ಮೋಟಾರಿನ ರಾಟೆಯನ್ನು ತಕ್ಕ ಅಳತೆಗೆ ಬದಲಾಯಿಸಬೇಕಾಗುತ್ತದೆ.

ತೋಳಿನ ತೂಕ

ಮುಳ್ಳು ಗೆರೆಯ ಮೇಲೆ ಎಷ್ಟು ಭಾರ ಹಾಕುತ್ತದೆಂಬುದು ಮುಖ್ಯ. ಹಳೆಯ ಸೆರಾಮಿಕ್ ಕಾರ್ಟ್ರಿಜ್ಜುಗಳು 4–6 ಗ್ರಾಂ ಅಥವಾ ಹೆಚ್ಚು ಭಾರ ಕೇಳುತ್ತಿದ್ದವು. ಅನಂತರದ ಅಯಸ್ಕಾಂತದ ಕಾರ್ಟ್ರಿಜ್ಜುಗಳಲ್ಲಿ ಹಲವಕ್ಕೆ 1.5–2.5 ಗ್ರಾಂ ಸಾಕು. ಹಿಂಭಾರವುಳ್ಳ ತೋಳನ್ನು ಮೊದಲು ತಕ್ಕಡಿಯ ದಂಡದಂತೆ ಸಮವಾಗಿ ತೇಲುವ ಸ್ಥಿತಿಗೆ ತಂದು, ಅಲ್ಲಿಂದ ತಯಾರಕರು ಹೇಳಿದ ಭಾರವನ್ನು ಕೊಡಬೇಕು. ಅಕ್ಕಸಾಲಿಗರು ಬಳಸುವಂಥ ಸಣ್ಣ ವಿದ್ಯುನ್ಮಾನ ತಕ್ಕಡಿಯಲ್ಲಿ, ರೆಕಾರ್ಡಿನ ಎತ್ತರಕ್ಕೇ ಇಟ್ಟು ತೂಗಿದರೆ ನಿಖರವಾದ ಅಳತೆ ಸಿಗುತ್ತದೆ. ಭಾರ ಕಡಿಮೆಯಾದಷ್ಟೂ ರೆಕಾರ್ಡಿಗೆ ಒಳ್ಳೆಯದೆಂಬ ಎಣಿಕೆ ತಪ್ಪು. ತೀರ ಹಗುರವಾದ ಮುಳ್ಳು ಗೆರೆಯೊಳಗೆ ಕುಣಿದು ಅದನ್ನು ಗಾಸಿಗೊಳಿಸುತ್ತದೆ.

ಉತ್ತಮಪಡಿಸುವ ಮುನ್ನ

ಸೆರಾಮಿಕ್ ತೆಗೆದು ಅಯಸ್ಕಾಂತದ ಕಾರ್ಟ್ರಿಜ್ ಹಾಕಿದರೆ ನಾದ ಸುಧಾರಿಸುವುದು ನಿಜ. ಆದರೆ ಅದು ಕೊಡುವ ಸಂಕೇತ ಕೆಲವೇ ಮಿಲಿವೋಲ್ಟ್. ಅದಕ್ಕೆ ಫೋನೋ ಪ್ರೀ ಆಂಪ್ಲಿಫೈಯರ್ ಬೇಕು. ಮುದ್ರಿಸುವಾಗ ತಗ್ಗು ಸ್ವರಗಳನ್ನು ಕುಗ್ಗಿಸಿ, ಹೆಚ್ಚು ಸ್ವರಗಳನ್ನು ಹಿಗ್ಗಿಸಿರುತ್ತಾರೆ. ನುಡಿಸುವಾಗ ಅದನ್ನು ತಿರುವುಮುರುವು ಮಾಡುವುದೂ ಈ ಸಾಧನದ ಕೆಲಸವೇ. ಅಗ್ಗದ ಪ್ಲೇಯರುಗಳ ಬಿಗಿಯಾದ ತೋಳು ಇಂಥ ಸೂಕ್ಷ್ಮ ಕಾರ್ಟ್ರಿಜ್ಜನ್ನು ಹೊರಲಾರದು. ಅಂಥ ಯಂತ್ರಕ್ಕೆ ಹೊಸ ಮುಳ್ಳು, ಹೊಸ ರಬ್ಬರು, ಹೊಸ ತಂತಿ ಹಾಕಿ ತೃಪ್ತಿಪಡುವುದೇ ಜಾಣತನ. ಒಳಗೆ ಕೈಹಾಕುವ ಮೊದಲು ಪ್ಲಗ್ ಕೀಳಲೇಬೇಕು. ವಾಲ್ವುಗಳಿರುವ ಯಂತ್ರವಾದರೆ ಪ್ಲಗ್ ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಆ ಕೆಲಸ ಬಲ್ಲವರಿಗೇ ಬಿಡಬೇಕು.

ರೆಕಾರ್ಡನ್ನು ಶುಚಿಗೊಳಿಸುವಾಗಲೂ ಒಂದು ಭೇದವಿದೆ. ಅರಗಿನ ರೆಕಾರ್ಡಿಗೆ ಸ್ಪಿರಿಟ್ ಸೋಕಿಸಬಾರದು. ಅರಗು ಅದರಲ್ಲಿ ಕರಗುತ್ತದೆ. ಭಟ್ಟಿ ಇಳಿಸಿದ ನೀರಿನಲ್ಲಿ ಒದ್ದೆಮಾಡಿದ ಮೆತ್ತನೆಯ ಬಟ್ಟೆಯಿಂದ, ಲೇಬಲ್ಲನ್ನು ತೋಯಿಸದೆ, ಗೆರೆಯ ದಿಕ್ಕಿನಲ್ಲೇ ಒರೆಸಬೇಕು. ವಿನೈಲ್ ರೆಕಾರ್ಡುಗಳನ್ನು ಬಿಸಿಲು ಬೀಳದ ಕಡೆ ನೆಟ್ಟಗೆ ನಿಲ್ಲಿಸಿಡಬೇಕು.

ಪ್ರತಿ ಮಾಡಿಟ್ಟುಕೊಳ್ಳುವುದು

ಯಂತ್ರ ಸರಿಹೋದ ಮೇಲೆ ಪ್ರತಿಯೊಂದು ರೆಕಾರ್ಡನ್ನೂ ಒಮ್ಮೆ ಚೆನ್ನಾಗಿ ನುಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಉಚಿತ. ಇಲ್ಲಿ ಕಾನೂನಿನ ಪ್ರಶ್ನೆ ಏಳುವುದು ಸಹಜ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಖಾಸಗಿ ಅಥವಾ ವೈಯಕ್ತಿಕ ಉಪಯೋಗಕ್ಕಾಗಿ ಮಾಡುವ ನ್ಯಾಯಯುತ ಬಳಕೆಗೆ ರಕ್ಷಣೆ ಕೊಡುತ್ತದೆ. ಆ ಪ್ರತಿಯನ್ನು ಅಂತರ್ಜಾಲದಲ್ಲಿ ಊರಿಗೆಲ್ಲ ಹಂಚುವುದು ಬೇರೆಯೇ ಮಾತು. 27ನೆಯ ಕಲಮಿನಂತೆ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ವರ್ಷದ ಮುಂದಿನ ವರ್ಷಾರಂಭದಿಂದ 60 ವರ್ಷ ಉಳಿಯುತ್ತದೆ. ಅದು ಮುಗಿದಿದ್ದರೂ ಕವಿಯ ಹಾಗೂ ಸಂಗೀತ ರಚಿಸಿದವರ ಹಕ್ಕು ಪ್ರತ್ಯೇಕ; ಅದು ಸಾಮಾನ್ಯವಾಗಿ ಅವರು ಕಾಲವಾದ ವರ್ಷದ ಮುಂದಿನ ವರ್ಷಾರಂಭದಿಂದ 60 ವರ್ಷದವರೆಗೆ ಇರುತ್ತದೆ.

ಪ್ರತಿ ಮಾಡುವಾಗ ಲೇಬಲ್ಲಿನಲ್ಲಿರುವ ಹಾಡಿನ ಮೊದಲ ಸಾಲು, ಹಾಡಿದವರ ಹೆಸರು, ಕಂಪನಿ, ರೆಕಾರ್ಡಿನ ಸಂಖ್ಯೆ ಇವನ್ನು ಮಕ್ಕಳ ಕೈಯಿಂದಲೇ ಕನ್ನಡದಲ್ಲಿ ಒಂದು ಪುಸ್ತಕಕ್ಕೆ ಬರೆಸಿಡಬೇಕು. ಆ ರೆಕಾರ್ಡು ಮನೆಗೆ ಹೇಗೆ ಬಂತೆಂಬುದನ್ನು ಹಿರಿಯರಿಂದ ಕೇಳಿ ಪಕ್ಕದಲ್ಲೇ ದಾಖಲಿಸಬೇಕು. ಯಂತ್ರಕ್ಕೆ ಬೇಕಾದ ಬಿಡಿಭಾಗ ಮುಂದೆಂದಾದರೂ ಸಿಕ್ಕೀತು; ಆ ಹಾಡುಗಳನ್ನು ಆಗ ಕೊಂಡು ತಂದವರ ನೆನಪು ಅಷ್ಟು ದಿನ ಕಾಯಲಾರದು.