ಕೆಲಸಗಾರರ ಮೈಮೇಲಿನ ದದ್ದು: ವೈದ್ಯರನ್ನು ಕಾಣಬೇಕಾದುದು ಯಾವಾಗ?

ಬನ್ನೂರು ಸೀಮೆಯ ಉದ್ದಿಮೆಗಳಲ್ಲಿ ಕೆಲಸಗಾರರ ಚರ್ಮವು ಪ್ರತಿದಿನ ಒಂದಲ್ಲ ಒಂದು ಪದಾರ್ಥದ ಸಂಪರ್ಕಕ್ಕೆ ಬರುತ್ತದೆ. ಅಕ್ಕಿ ಗಿರಣಿಯಲ್ಲಿ ಭತ್ತದ ಧೂಳು, ಆಲೆಮನೆಯಲ್ಲಿ ಸುಣ್ಣ, ತಿ. ನರಸೀಪುರದ ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ಬಿಸಿನೀರು, ಗೋದಾಮಿನ ಹಮಾಲರಿಗೆ ಸಿಮೆಂಟು, ಅಂಗಳದಲ್ಲಿ ಬೆಳೆದ ಪಾರ್ಥೇನಿಯಂ ಗಿಡ – ಇವೆಲ್ಲವೂ ದದ್ದಿಗೆ ಕಾರಣವಾಗಬಲ್ಲವು. ಬಹುಪಾಲು ದದ್ದುಗಳು ತಾವಾಗಿಯೇ ಮಾಯುತ್ತವೆ. ಆದರೆ ಕೆಲವು ಮಾತ್ರ ತಡಮಾಡಿದಷ್ಟೂ ದುಬಾರಿಯಾಗುತ್ತವೆ. ಇವೆರಡರ ವ್ಯತ್ಯಾಸವನ್ನು ಮಾಲೀಕರು ಅರಿತಿರುವುದು ಲೇಸು.

ಹಾಜರಿ ಪುಸ್ತಕದ ಸಾಕ್ಷ್ಯ

ವಾರದ ರಜೆಯಲ್ಲಿ ಅಥವಾ ಹಬ್ಬದ ಬಿಡುವಿನಲ್ಲಿ ತಗ್ಗಿ, ಕೆಲಸಕ್ಕೆ ಮರಳಿದ ಒಂದೆರಡು ದಿನಗಳಲ್ಲಿ ಮತ್ತೆ ಏಳುವ ದದ್ದಿಗೆ ಕಾರಣ ಕೆಲಸದ ಸ್ಥಳದಲ್ಲಿಯೇ ಇರುವ ಸಂಭವ ಹೆಚ್ಚು. ಸಿಮೆಂಟಿನಲ್ಲಿರುವ ಕ್ರೋಮಿಯಂ ಅಂಶದಿಂದ ಕೈಗಳಿಗೆ ಬರುವ ಒಗ್ಗದಿಕೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಇಂತಹ ಒಗ್ಗದಿಕೆ ಒಮ್ಮೆ ಬೇರೂರಿದರೆ ಸಾಮಾನ್ಯವಾಗಿ ಹೋಗುವುದಿಲ್ಲ; ನುರಿತ ಕೆಲಸಗಾರನು ಆ ಕಸುಬನ್ನೇ ಬಿಡಬೇಕಾದೀತು. ಆದ್ದರಿಂದ ಎರಡು ವಾರ ಕಳೆದರೂ ಮಾಯದ, ಅಥವಾ ಮರುಕಳಿಸುವ ದದ್ದನ್ನು ಚರ್ಮರೋಗ ತಜ್ಞರಿಗೆ ತೋರಿಸತಕ್ಕದ್ದು. ಒಂದೇ ಕೊಠಡಿಯಲ್ಲಿ ವಾಸಿಸುವ ಹಲವರಿಗೆ ರಾತ್ರಿ ವೇಳೆ ನವೆ ಹೆಚ್ಚುತ್ತಿದ್ದರೆ ಅದು ಕಜ್ಜಿಯಾಗಿರಬಹುದು. ಆಗ ಎಲ್ಲರಿಗೂ ಏಕಕಾಲದಲ್ಲಿ ಚಿಕಿತ್ಸೆ ಆಗಬೇಕು.

ಒಂದು ಗಳಿಗೆಯೂ ತಡಮಾಡಬಾರದ ಲಕ್ಷಣಗಳು

1. ಗಂದೆಗಳೊಡನೆ ತುಟಿ, ಮುಖ, ನಾಲಗೆ ಊದಿಕೊಳ್ಳುವುದು, ಉಸಿರಾಟಕ್ಕೆ ತೊಂದರೆ.
2. ಜ್ವರದೊಂದಿಗೆ ಕೆಂಪು ಅಥವಾ ನೇರಳೆ ಚುಕ್ಕೆಗಳು. ಗಾಜಿನ ಲೋಟವನ್ನು ಒತ್ತಿ ನೋಡಿದರೂ ಮಾಸದಿದ್ದರೆ ಚರ್ಮದಡಿಯಲ್ಲಿ ರಕ್ತಸ್ರಾವವಾಗುತ್ತಿದೆ ಎಂದರ್ಥ.
3. ಹೊಸದಾಗಿ ಮಾತ್ರೆ ಆರಂಭಿಸಿದ ಮೇಲೆ ಬೊಬ್ಬೆಗಳೇಳುವುದು, ಬಾಯಿ ಮತ್ತು ಕಣ್ಣುಗಳಲ್ಲಿ ಹುಣ್ಣು, ಚರ್ಮ ಸುಲಿಯುವುದು. ಮಾತ್ರೆಯ ಚೀಟಿಯನ್ನು ಜೊತೆಯಲ್ಲಿಯೇ ಒಯ್ಯಬೇಕು.
4. ಬಿಸಿಯಾಗಿ, ನೋವಿನಿಂದ ಕೂಡಿ ಗಂಟೆಗಂಟೆಗೂ ಹರಡುವ ಕೆಂಪು ಊತ. ಸಕ್ಕರೆ ಕಾಯಿಲೆಯವರಲ್ಲಿ ಇದು ವಿಶೇಷ ಅಪಾಯಕಾರಿ.

ಇಂತಹ ಸಂದರ್ಭದಲ್ಲಿ 108 ವಾಹನ ಕರೆಸಿ ಆಸ್ಪತ್ರೆಗೆ ಸಾಗಿಸುವುದೇ ಸರಿಯಾದ ಕ್ರಮ.

ತುರ್ತಲ್ಲದಿದ್ದರೂ ಮುಂದೂಡಬಾರದವು

ಮೈಯ ಒಂದೇ ಬದಿಯಲ್ಲಿ ಉರಿಯೊಡನೆ ಸಾಲಾಗಿ ಏಳುವ ಗುಳ್ಳೆಗಳನ್ನು ನಮ್ಮಲ್ಲಿ ಸರ್ಪಸುತ್ತು ಎನ್ನುವರು. ಕೆಮ್ಮಣ್ಣು ಬಳಿದು ಕಾಯುವ ರೂಢಿ ಇಂದಿಗೂ ಇದೆ. ಆದರೆ ಇದರ ವೈರಾಣು ನಿರೋಧಕ ಔಷಧವು ಮೊದಲ 72 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಫಲಕಾರಿ. ಕಣ್ಣಿನ ಸಮೀಪ ಎದ್ದರೆ ಅದೇ ದಿನ ತೋರಿಸಬೇಕು.

ನವೆಯಿಲ್ಲದ, ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಮಚ್ಚೆ ಕುಷ್ಠದ ಲಕ್ಷಣವಿರಬಹುದು. ಕೆಲಸ ಹೋದೀತೆಂಬ ಭಯದಿಂದ ಇದನ್ನು ಮರೆಮಾಚುವವರುಂಟು. ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತ; ಔಷಧ ಆರಂಭವಾದ ಸ್ವಲ್ಪ ಕಾಲದಲ್ಲೇ ರೋಗ ಇತರರಿಗೆ ಹರಡುವುದು ನಿಲ್ಲುತ್ತದೆ. ಕೆಲಸ ಹೋಗುವುದಿಲ್ಲವೆಂಬ ಮಾಲೀಕರ ಒಂದು ಭರವಸೆಯ ಮಾತು ಆತನ ಕೈಬೆರಳುಗಳನ್ನು ಉಳಿಸಬಲ್ಲದು.

ಅಂಗಡಿಯ ಮುಲಾಮು

ಹುಳುಕಡ್ಡಿಗೆ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ನವೆ ಕೂಡಲೇ ಅಡಗುತ್ತದೆ, ಸೋಂಕು ಮಾತ್ರ ಹಬ್ಬುತ್ತದೆ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು ಇಂತಹ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ‘ಎಚ್’ ಅನುಸೂಚಿಗೆ ಸೇರಿಸಿತು. ಔಷಧ ವ್ಯಾಪಾರಿಗಳಾದ ಸದಸ್ಯರೂ ಇದನ್ನು ಗಮನಿಸಬೇಕು.

ಕಾನೂನು ಮತ್ತು ಲೆಕ್ಕ

ರಾಸಾಯನಿಕ ಹಾಗೂ ಬಣ್ಣಗಳ ನೇರ ಸ್ಪರ್ಶದಿಂದ ಬರುವ ಚರ್ಮದ ಉರಿಯೂತವು 1948ರ ಕಾರ್ಖಾನೆಗಳ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಅಧಿಕಾರಿಗಳಿಗೆ ವರದಿ ಮಾಡಬೇಕಾದ ರೋಗವಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ, 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೂ ಅದನ್ನು ತನ್ನ ಮೂರನೆಯ ಅನುಸೂಚಿಯಲ್ಲಿ ಉಳಿಸಿಕೊಂಡಿದೆ. ವರದಿಯ ಹೊಣೆ ಮಾಲೀಕರದು.

ಇ.ಎಸ್.ಐ. ವ್ಯಾಪ್ತಿಯ ಘಟಕಗಳಲ್ಲಿ 2019ರ ಜುಲೈಯಲ್ಲಿ ನಿಗದಿಯಾದಂತೆ ಮಾಲೀಕರ ವಂತಿಗೆ ಶೇಕಡ 3.25, ಕೆಲಸಗಾರರದು ಶೇಕಡ 0.75. ಇಷ್ಟನ್ನು ಕಟ್ಟಿಯೂ ಚಿಕಿತ್ಸೆ ಪಡೆಯದಿರುವುದು ಪ್ರೀಮಿಯಂ ಕಟ್ಟಿ ಕ್ಲೇಮು ಮಾಡದಂತೆ. ಅರ್ಹ ವಿಮಾದಾರನಿಗೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡ 70ರಷ್ಟು ನಗದು ದೊರೆಯುತ್ತದೆ. ಇದಕ್ಕೆ ವೈದ್ಯರ ಪ್ರಮಾಣಪತ್ರ ಅಗತ್ಯ.

ಸೂಕ್ತ ಕೈಗವಸು, ಕೈ ತೊಳೆಯಲು ಶುದ್ಧ ನೀರು ಮತ್ತು ಸಾಬೂನು, ಆವರಣದಲ್ಲಿ ಪಾರ್ಥೇನಿಯಂ ಹೂಬಿಡುವ ಮೊದಲೇ ಅದನ್ನು ಕೈಗವಸು ಧರಿಸಿ ಕೀಳಿಸುವುದು – ಇವುಗಳ ವೆಚ್ಚ ಅಲ್ಪ. ನುರಿತ ಕೈಯೊಂದನ್ನು ಕಳೆದುಕೊಂಡ ನಷ್ಟ ಯಾವ ಖಾತೆಯಲ್ಲೂ ಪ್ರತ್ಯೇಕವಾಗಿ ಕಾಣುವುದಿಲ್ಲ; ಆದರೆ ಆ ನಷ್ಟವನ್ನು ಉದ್ದಿಮೆಯೂ ಆ ಕುಟುಂಬವೂ ಬಹುಕಾಲ ಭರಿಸಬೇಕಾಗುತ್ತದೆ.