ಕನಸಿನ ಗಡಿ ಅಳಿಸಿದ ಚಿತ್ರಗಳು: ಜಪಾನಿನ ಅನಿಮೇಷನ್, ಕನ್ನಡದ ‘ಲೂಸಿಯಾ’

ಬಣ್ಣದಲ್ಲಿ ಕಾಣುವುದು ನಿಜ, ಕಪ್ಪು-ಬಿಳುಪಿನಲ್ಲಿ ಕಾಣುವುದು ಕನಸು. ಪವನ್ ಕುಮಾರ್ ನಿರ್ದೇಶನದ ‘ಲೂಸಿಯಾ’ 2013ರ ಸೆಪ್ಟೆಂಬರ್ 6ರಂದು ತೆರೆಕಂಡಾಗ ಕನ್ನಡದ ಪ್ರೇಕ್ಷಕ ಈ ಗುರುತನ್ನು ನಂಬಿಯೇ ಚಿತ್ರ ನೋಡಿದ್ದ. ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ನಿಕ್ಕಿಗೆ ನಿದ್ರೆ ಬಾರದು. ಮಾತ್ರೆಯೊಂದನ್ನು ನುಂಗತೊಡಗಿದ ಮೇಲೆ ಕನಸಿನಲ್ಲಿ ಆತ ಪ್ರಖ್ಯಾತ ನಟನಾಗುತ್ತಾನೆ. ಗುಟ್ಟು ಬಿಟ್ಟುಕೊಡದೆ ಮುಂದಿನದನ್ನು ವಿವರಿಸಲಾಗದು: ನಟನ ಬದುಕೇ ನಿಜ, ಬಣ್ಣದ ಆ ಬಡ ಬದುಕು ನಟ ಕಂಡ ಕನಸು ಎಂಬುದು ಕೊನೆಗೆ ತಿಳಿಯುತ್ತದೆ. ಎರಡೂ ಪಾತ್ರಗಳಲ್ಲಿ ಕಾಣಿಸಿಕೊಂಡವರು ಸತೀಶ್ ನೀನಾಸಂ. ಜನರಿಂದಲೇ ಹಣ ಸಂಗ್ರಹಿಸಿ ತಯಾರಾದ ಚಿತ್ರವೆಂಬ ಹೆಗ್ಗಳಿಕೆಯೂ ಇದಕ್ಕಿದೆ.

ಕನಸು ಕಾಣುತ್ತಿದ್ದೇನೆ ಎಂಬ ಅರಿವಿನೊಡನೆಯೇ ಮುಂದುವರಿಯುವ ಕನಸಿಗೆ ಮನೋವಿಜ್ಞಾನದಲ್ಲಿ ‘ಲೂಸಿಡ್ ಡ್ರೀಮ್’ ಎನ್ನುತ್ತಾರೆ. ಮಾತ್ರೆಯ ಹೆಸರು ಅದನ್ನು ನೆನಪಿಸುತ್ತದೆ. ಬೇಕಾದ ಕನಸನ್ನು ತರುವ ಮಾತ್ರೆ ಮಾತ್ರ ಕಥೆಗಾರನ ಕಲ್ಪನೆ.

‘ಲೂಸಿಯಾ’ ಒಂದು ಗುರುತು ಕೊಟ್ಟು, ಬಳಿಕ ಅದನ್ನೇ ತಲೆಕೆಳಗು ಮಾಡಿತು. ಅದಕ್ಕೂ 16 ವರ್ಷ ಮೊದಲು ಜಪಾನಿನ ಸತೋಶಿ ಕಾನ್ ಪ್ರೇಕ್ಷಕನಿಗೆ ಯಾವ ಗುರುತನ್ನೂ ಕೊಡದೆ ಸಿನಿಮಾ ಮಾಡಿದ್ದರು. ಅದು 1997ರ ‘ಪರ್ಫೆಕ್ಟ್ ಬ್ಲೂ’. ನಮ್ಮ ಹಳೆಯ ಚಿತ್ರಗಳಲ್ಲಿ ನಾಯಕ ಕಣ್ಣು ಮುಚ್ಚಿದೊಡನೆ ಹೊಗೆ ಹರಡಿ ಹಾಡು ಆರಂಭವಾಗುತ್ತಿತ್ತು, ಹಾಡು ಮುಗಿದರೆ ಎಚ್ಚರ. ಗೊಂದಲಕ್ಕೆ ಆಸ್ಪದವೇ ಇರಲಿಲ್ಲ. ಕೈಯಿಂದ ಬರೆದ ಚಿತ್ರದಲ್ಲಾದರೋ ಕನಸನ್ನೂ ಎಚ್ಚರವನ್ನೂ ಮೂಡಿಸುವುದು ಅದೇ ರೇಖೆ, ಅದೇ ಬಣ್ಣ. ಪಾತ್ರ ಒಂದು ಕೋಣೆಯಲ್ಲಿ ತಿರುಗಲು ಆರಂಭಿಸಿ ಇನ್ನೊಂದೆಡೆ ತಿರುಗಿ ಮುಗಿಸುವಂತೆ ಕಾನ್ ದೃಶ್ಯಗಳನ್ನು ಜೋಡಿಸುತ್ತಾರೆ. ಚಲನೆ ಮುರಿಯದ ಕಾರಣ ಸ್ಥಳ ಬದಲಾದದ್ದು ನೋಡುಗನಿಗೆ ತಡವಾಗಿ ಹೊಳೆಯುತ್ತದೆ.

‘ಪರ್ಫೆಕ್ಟ್ ಬ್ಲೂ’ ನಾಯಕಿ ಮಿಮಾ ಗಾಯನ ತಂಡವನ್ನು ತೊರೆದು ನಟಿಯಾಗಲು ಹೊರಟವಳು. ಅವಳ ಹೆಸರಿನಲ್ಲಿ ಬೇರೆ ಯಾರೋ ಅಂತರ್ಜಾಲದಲ್ಲಿ ದಿನಚರಿ ಬರೆಯುತ್ತಾರೆ. ಅಂಗಡಿಯಲ್ಲಿ ಆಕೆ ಕೊಂಡ ವಸ್ತುವೂ ಅದರಲ್ಲಿ ನಮೂದಾಗಿರುತ್ತದೆ. ಕೊಲೆಗಳು ನಡೆಯುತ್ತವೆ, ಮಿಮಾ ಹಾಸಿಗೆಯಲ್ಲಿ ಬೆಚ್ಚಿ ಏಳುತ್ತಾಳೆ, ನಡೆದದ್ದು ಧಾರಾವಾಹಿಯ ಚಿತ್ರೀಕರಣವೋ ದುಃಸ್ವಪ್ನವೋ ತಾನೇ ಮಾಡಿದ ಕೃತ್ಯವೋ ಅವಳಿಗೂ ತಿಳಿಯದು. ಇದು ಮನೆಮನೆಗೆ ಅಂತರ್ಜಾಲ ಬರುವ ಮೊದಲಿನ ಚಿತ್ರ. ಬೇರೊಬ್ಬರ ಹೆಸರಿನಲ್ಲಿ ನಕಲಿ ಖಾತೆ ತೆರೆಯುವುದನ್ನು ದಿನವೂ ಕಾಣುವ ಇಂದಿನ ಓದುಗನಿಗೆ ಅದು ಇನ್ನಷ್ಟು ಹತ್ತಿರವೆನಿಸೀತು.

ಯಸುತಾಕ ತ್ಸುತ್ಸುಯಿ ಅವರ ಕಾದಂಬರಿ ಆಧರಿಸಿದ ‘ಪಾಪ್ರಿಕಾ’ (2006) ಕನಸನ್ನು ಚಿಕಿತ್ಸಾಲಯಕ್ಕೆ ಒಯ್ಯುತ್ತದೆ. ರೋಗಿಯ ಕನಸಿನೊಳಗೆ ಹೊಕ್ಕು ಚಿಕಿತ್ಸೆ ನೀಡಲು ರೂಪಿಸಿದ ಉಪಕರಣ ಕಳುವಾಗುತ್ತದೆ. ಒಬ್ಬನ ಕನಸು ಇನ್ನೊಬ್ಬನ ತಲೆಗೆ ನುಗ್ಗಿ, ಕೊನೆಗೆ ಬೀದಿಗೇ ಇಳಿಯುತ್ತದೆ. ಮೆರವಣಿಗೆಯ ದೃಶ್ಯವೊಂದೇ ಸಾಕು, ಚಿತ್ರ ಮರೆಯಲಾಗದು.

ಮಿಮಾಳ ಗೊಂದಲ ಇತರರು ಅವಳ ಮೇಲೆ ಹೇರಿದ್ದು. ‘ಪಾಪ್ರಿಕಾ’ದಲ್ಲಿ ಕನಸಿನ ಬಾಗಿಲನ್ನು ಕಳ್ಳರು ತೆರೆಯುತ್ತಾರೆ. ‘ಲೂಸಿಯಾ’ದ ನಟನಾದರೋ ತಾನಾಗಿಯೇ ಮಾತ್ರೆ ನುಂಗಿದವನು. ಹೆಸರು, ಹಣ ಎಲ್ಲವೂ ಇದ್ದ ಅವನಿಗೆ ಕನಸಿನಲ್ಲಿ ಬೇಕಾದದ್ದು ಟಾರ್ಚ್ ಹಿಡಿಯುವ ಕೆಲಸ ಮತ್ತು ತನ್ನನ್ನು ತಾನಾಗಿಯೇ ಪ್ರೀತಿಸುವ ಹುಡುಗಿ. ಭಯದ ಚಿತ್ರಗಳ ಈ ಸಾಲಿನಲ್ಲಿ ಕನ್ನಡದ ಚಿತ್ರವೇ ಹೆಚ್ಚು ದುಃಖದ್ದು.

ಕಾನ್ 2010ರ ಆಗಸ್ಟ್‌ನಲ್ಲಿ, 46ನೇ ವಯಸ್ಸಿನಲ್ಲಿ ನಿಧನರಾದರು. ಅವರು ಕೈಗೆತ್ತಿಕೊಂಡಿದ್ದ ‘ಡ್ರೀಮಿಂಗ್ ಮಷೀನ್’ ಅಪೂರ್ಣವಾಗಿಯೇ ಉಳಿಯಿತು.