ಎಣಿಕೆಗೆ ಸಿಗದ ಸೈಕಲ್ ಸವಾರರು

ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರ್, ಕುಣಿಗಲ್ಲಿಗೆ ಸುಮಾರು 35. ಸಾಧಾರಣ ಸೈಕಲ್ಲಿನಲ್ಲಿ ಮೊದಲನೆಯದು ಒಂದೂವರೆ ಗಂಟೆಯ ದಾರಿ. ಎರಡನೆಯದಕ್ಕೆ ಒಂದು ಬೆಳಗು ಬೇಕು. ಒಂದು ತಲೆಮಾರಿನ ಹಿಂದೆ ಹಾಲಿನವರು, ಅಂಚೆಯವರು, ಶಾಲಾ ಮಾಸ್ತರರು, ಸಂತೆಗೆ ಹೊರಟವರು ಈ ಸುತ್ತಿನ ದಾರಿಗಳನ್ನು ಸೈಕಲ್ಲಿನಲ್ಲೇ ಕ್ರಮಿಸುತ್ತಿದ್ದರು. ಇಂದು ಅದೇ ರಸ್ತೆಗೆ ಸೈಕಲ್ ಇಳಿಸುತ್ತೇನೆಂದರೆ ಮನೆಯವರು ಬಾಗಿಲಲ್ಲೇ ತಡೆಯುತ್ತಾರೆ. ಅವರ ಆತಂಕ ಅಕಾರಣವಾದುದೆಂದು ಯಾರೂ ಹೇಳಲಾರರು.

ತುಮಕೂರಿನ ಮಧ್ಯೆ ಹಾದುಹೋಗುವ ಬಿ.ಎಚ್. ರಸ್ತೆ ಎಂದರೆ ಬೆಂಗಳೂರು–ಹೊನ್ನಾವರ ರಸ್ತೆ. ನಗರದ ಪ್ರಧಾನ ಬೀದಿಯೂ ಅದೇ, ಗುಬ್ಬಿಯ ಹೆದ್ದಾರಿಯೂ ಅದೇ. ಮಲ್ಲಸಂದ್ರದಿಂದ ಮುಂದೆ ಅದು ಚತುಷ್ಪಥವಾಗಿದೆ. ಕುಣಿಗಲ್ ರಸ್ತೆಯಾದರೋ ಪುಣೆ ಕಡೆಯ ರಾಷ್ಟ್ರೀಯ ಹೆದ್ದಾರಿ 48 ಮತ್ತು ಮಂಗಳೂರು ಕಡೆಯ 75 ಇವೆರಡರ ನಡುವಿನ ಕೊಂಡಿ. ಭಾರಿ ವಾಹನಗಳು ಆ ಕೊಂಡಿಯನ್ನು ಹುಡುಕಿಕೊಂಡು ಬರುವುದು ಸಹಜ. ವಸಂತನರಸಾಪುರದ ಕೈಗಾರಿಕಾ ಪ್ರದೇಶ, 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಮುಂತಾದವುಗಳಿಗೆ ಒಳ್ಳೆಯ ರಸ್ತೆಗಳು ಬೇಕು. ಅರ್ಥಶಾಸ್ತ್ರ ಓದಿದವನಾಗಿ ನಾನು ಹೆದ್ದಾರಿಗಳ ವಿರೋಧಿಯಲ್ಲ. ಆದರೆ ಒಬ್ಬರ ಪ್ರಯಾಣದ ವೆಚ್ಚ ತಗ್ಗಿಸಲು ಇನ್ನೊಬ್ಬರ ಪ್ರಯಾಣವನ್ನೇ ಅಸಾಧ್ಯವಾಗಿಸಿದರೆ, ಆ ನಷ್ಟವನ್ನು ಯಾವ ಖಾತೆಯಲ್ಲಿ ಬರೆಯಬೇಕು?

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರು. ವಾಹನಗಳ ಸರಾಸರಿ ವೇಗ ನೂರಕ್ಕೆ ಒಂದರಷ್ಟು ಏರಿದರೆ ಮಾರಣಾಂತಿಕ ಅಪಘಾತದ ಅಪಾಯ ನೂರಕ್ಕೆ ನಾಲ್ಕರಷ್ಟು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಸ್ತೆ ನುಣುಪಾದಷ್ಟೂ, ಅಗಲವಾದಷ್ಟೂ ಸೈಕಲ್ ಸವಾರ ಏಕೆ ಕಾಣೆಯಾಗುತ್ತಾನೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಹಾಗಾದರೆ ಆಡಳಿತಕ್ಕೆ ಇದು ಕಾಣುವುದಿಲ್ಲವೇ? ಸೇವೆಯಲ್ಲಿದ್ದಷ್ಟು ಕಾಲ ರಸ್ತೆ ಪ್ರಸ್ತಾವನೆಗಳ ಕಡತಗಳನ್ನು ನೋಡಿದ್ದೇನೆ. ಪ್ರತಿಯೊಂದರ ತಳಹದಿ ವಾಹನ ಗಣತಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಗ್ರಾಮಾಂತರ ಹೆದ್ದಾರಿಗಳ ಸಾಮರ್ಥ್ಯ ಅಳೆಯಲು ಕೊಟ್ಟ ಕೋಷ್ಟಕದಲ್ಲಿ ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ಪರಿವರ್ತಿಸಲಾಗುತ್ತದೆ. ಲಾರಿ ಎಂದರೆ ಮೂರು ಕಾರು, ಸೈಕಲ್ ಎಂದರೆ ಅರ್ಧ ಕಾರು, ದೊಡ್ಡ ಎತ್ತಿನಗಾಡಿ ಎಂದರೆ ಎಂಟು ಕಾರು. ಯಾವ ವಾಹನ ಎಷ್ಟು ಅಡ್ಡಿ ಎಂಬುದು ಇಲ್ಲಿನ ಮಾನದಂಡ. ಯಾರ ಬದುಕಿಗೆ ಆ ದಾರಿ ಎಷ್ಟು ಅಗತ್ಯ ಎಂಬುದಕ್ಕೆ ಈ ಕೋಷ್ಟಕದಲ್ಲಿ ಅಂಕಣವಿಲ್ಲ.

ಸೈಕಲ್ ಪಥಗಳಿಗೂ ಇದೇ ಸಂಸ್ಥೆ 1962ರಷ್ಟು ಹಿಂದೆಯೇ ಮಾರ್ಗಸೂಚಿ ರೂಪಿಸಿತ್ತು. ಗಂಟೆಗೆ ಇನ್ನೂರಕ್ಕಿಂತ ಹೆಚ್ಚು ಮೋಟಾರು ವಾಹನಗಳು ಓಡಾಡುವ ರಸ್ತೆಯಲ್ಲಿ, ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ ನೂರು ಸೈಕಲ್ಲುಗಳಿದ್ದರೂ ಪ್ರತ್ಯೇಕ ಪಥ ಸಮರ್ಥನೀಯ ಎಂದು ಅದು ಹೇಳಿತು. 1962ಕ್ಕೆ ಅದು ಉದಾರವಾದ ನಿಯಮವೇ. ಆದರೆ ಅಂದು ಸೈಕಲ್ಲುಗಳು ರಸ್ತೆಯ ಮೇಲಿದ್ದವು. ಇಂದು ಅಪಾಯಕ್ಕೆ ಹೆದರಿ ಸವಾರರು ರಸ್ತೆ ಬಿಟ್ಟಿದ್ದಾರೆ. ಗಣತಿಗೆ ಕುಳಿತವನಿಗೆ ನೂರು ಸೈಕಲ್ ಎಲ್ಲಿಂದ ಸಿಗಬೇಕು? ಸವಾರರಿಲ್ಲ, ಆದ್ದರಿಂದ ಪಥ ಬೇಡ. ಪಥವಿಲ್ಲ, ಆದ್ದರಿಂದ ಸವಾರರಿಲ್ಲ. ಕೆರೆ ಕಟ್ಟುವ ಮೊದಲೇ ಮೀನು ಎಣಿಸಹೊರಟಂತೆ ಇದು. ಈ ಮಾರ್ಗಸೂಚಿ 2015ರಲ್ಲಿ ಪರಿಷ್ಕೃತವಾಗಿದೆ. ಇದ್ದವರನ್ನಷ್ಟೇ ಎಣಿಸುವ ರೂಢಿ ಮಾತ್ರ ಕಚೇರಿಗಳಲ್ಲಿ ಉಳಿದುಕೊಂಡಿದೆ.

ಹೀಗೆ ಎಣಿಕೆಗೆ ಸಿಗದವರಲ್ಲಿ ಒಬ್ಬಳನ್ನು ನಾನು ಬಲ್ಲೆ. ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯ ಒಂಬತ್ತನೇ ತರಗತಿಯ ವಿದ್ಯಾರ್ಥಿನಿ. ಶಾಲೆ ಮೂರು ಕಿಲೋಮೀಟರ್ ದೂರದಲ್ಲಿ, ಹೆದ್ದಾರಿಯ ಆಚೆಬದಿಗಿದೆ. ಅಕ್ಕ ಬಳಸಿದ ಸೈಕಲ್ ಕೊಟ್ಟಿಗೆಯಲ್ಲಿ ಗೋಡೆಗೊರಗಿ ನಿಂತಿದೆ. ಮೂರು ಕಿಲೋಮೀಟರಿನಲ್ಲಿ ಎರಡು ಮುಕ್ಕಾಲು ಕಿಲೋಮೀಟರ್ ಹೊಲ, ತೆಂಗಿನತೋಟಗಳ ನಡುವಿನ ನಿರಪಾಯದ ಹಳ್ಳಿರಸ್ತೆ. ಹೆದ್ದಾರಿ ದಾಟುವ ಜಾಗವೊಂದೇ ಅವಳನ್ನು ತಡೆದಿರುವುದು. ತಂದೆಗೆ ಕೂಲಿ ಇಲ್ಲದ ದಿನ ಅವರೇ ಬೈಕಿನಲ್ಲಿ ಬಿಡುತ್ತಾರೆ. ಕೂಲಿ ಇದ್ದ ದಿನ ಆಕೆ ಆಟೊ ಕಾಯುತ್ತಾಳೆ, ಸಿಗದಿದ್ದರೆ ಶಾಲೆ ತಪ್ಪುತ್ತದೆ.

ಸೈಕಲ್ ಮತ್ತು ಶಾಲೆಯ ಸಂಬಂಧ ಭಾವುಕತೆಯ ಮಾತಲ್ಲ. ಬಿಹಾರ ಸರ್ಕಾರ 2006ರಲ್ಲಿ ಪ್ರೌಢಶಾಲೆಯ ಹುಡುಗಿಯರಿಗೆ ಸೈಕಲ್ ಕೊಡಲು ಆರಂಭಿಸಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದರ ಪರಿಣಾಮವನ್ನು ಅಳೆದಾಗ, ಪ್ರೌಢಶಾಲೆಗೆ ದಾಖಲಾಗುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಹೆಚ್ಚಿದ್ದು, ಹುಡುಗ–ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಕುಗ್ಗಿದ್ದು ಕಂಡುಬಂತು. ಕರ್ನಾಟಕವೂ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ವಿತರಣೆ ಆರಂಭಿಸಿತು. ಕೋವಿಡ್ ಕಾಲದಲ್ಲಿ ಅದು ನಿಂತುಹೋಯಿತು. ಯೋಜನೆ ಪುನರಾರಂಭವಾಗಬೇಕೆಂಬ ಬೇಡಿಕೆ ನ್ಯಾಯವಾದುದೇ. ಆದರೆ ಸೈಕಲ್ಲಿನೊಡನೆ ಅದು ಓಡುವ ದಾರಿಯನ್ನೂ ಕೊಡದಿದ್ದರೆ, ಕೊಟ್ಟಿಗೆಯಲ್ಲಿ ಇನ್ನೊಂದು ಸೈಕಲ್ ಸೇರಿಕೊಳ್ಳುತ್ತದೆ, ಅಷ್ಟೆ.

ಸಮಾಧಾನದ ಸಂಗತಿಯೆಂದರೆ, ಅಂಥ ದಾರಿಗಳನ್ನು ಬಹುಮಟ್ಟಿಗೆ ಹೊಸದಾಗಿ ಕಟ್ಟಬೇಕಾಗಿಲ್ಲ. ನಿವೃತ್ತಿಯ ನಂತರ ಬೆಳಗಿನ ಹೊತ್ತು ಸೈಕಲ್ ತುಳಿಯುವ ಅಭ್ಯಾಸ ಮಾಡಿಕೊಂಡ ನನಗೆ ಇದು ಅನುಭವದಿಂದ ತಿಳಿದಿದೆ. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಮತ್ತು ರಾಜ್ಯದ ಇತರ ಯೋಜನೆಗಳಿಂದ ಡಾಂಬರು ಕಂಡ ಹಳ್ಳಿರಸ್ತೆಗಳು ಹೆದ್ದಾರಿಗಳ ಬೆನ್ನಿಗೇ ಒಂದು ಜಾಲವಾಗಿ ಹರಡಿಕೊಂಡಿವೆ. ಗೂಳೂರಿನಿಂದ ತಿರುಗಿ ಕೈದಾಳದ ಚೆನ್ನಕೇಶವನ ಗುಡಿಯವರೆಗೆ ಹೋಗಿ ಬರಬಹುದು. ಬೆಳಗುಂಬದ ಮೇಲೆ ನಾಮದ ಚಿಲುಮೆ, ದೇವರಾಯನದುರ್ಗಗಳತ್ತ ಸಾಗಬಹುದು. ಹೊನ್ನುಡಿಕೆ, ಹೆಬ್ಬೂರು, ಸಿ.ಎಸ್. ಪುರ, ಕಡಬಗಳ ಸುತ್ತಿನ ಕೆರೆ ಬಯಲುಗಳಲ್ಲಿ ಅರ್ಧ ಗಂಟೆ ತುಳಿದರೂ ನಾಲ್ಕಾರು ದ್ವಿಚಕ್ರ ವಾಹನಗಳಿಗಿಂತ ಹೆಚ್ಚು ಎದುರಾಗದ ರಸ್ತೆಗಳಿವೆ. ಕುಣಿಗಲ್ಲಿಗೆ ಹೆದ್ದಾರಿಯ ಬೈಪಾಸ್ ಬಂದ ಮೇಲೆ ಪಟ್ಟಣದ ಹಳೆಯ ರಸ್ತೆ ಒಂದಿಷ್ಟು ಉಸಿರಾಡುವಂತಾಗಿದೆ. ಬೈಪಾಸ್ ಬಂದಲ್ಲೆಲ್ಲ ಹಿಂದೆ ಉಳಿಯುವ ಹಳೆಯ ರಸ್ತೆ ಸೈಕಲ್ಲಿಗೆ ಅನಾಯಾಸವಾಗಿ ಸಿಗುವ ಆಸ್ತಿ.

ಹಾಗೆಂದು ಹಳ್ಳಿರಸ್ತೆಗಳೆಲ್ಲ ನಿರಪಾಯವೆಂದು ನಂಬಬಾರದು. ಕಲ್ಲುಕ್ವಾರಿಗೆ ಹೋಗುವ ರಸ್ತೆಯಲ್ಲಿ ಟಿಪ್ಪರುಗಳ ಹೊತ್ತು ತಿಳಿದುಕೊಳ್ಳದೆ ಸೈಕಲ್ ಇಳಿಸಬಾರದು. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಯ ಒಕ್ಕಣೆ ರಸ್ತೆಯ ಮೇಲೆಯೇ ನಡೆಯುತ್ತದೆ. ಹುರುಳಿ ಸೊಪ್ಪಿನ ಮೇಲೆ ಸೈಕಲ್ ಚಕ್ರ ಜಾರುವಷ್ಟು ಮಳೆಯಲ್ಲಿಯೂ ಜಾರದು. ಬೆಳಿಗ್ಗೆ ಗುಬ್ಬಿಯಿಂದ ತುಮಕೂರಿಗೆ ಮರಳುವಾಗ ಸೂರ್ಯ ಎದುರಿಗಿರುತ್ತಾನೆ. ಹಿಂದಿನಿಂದ ಬರುವ ಚಾಲಕನ ಕಣ್ಣಿಗೂ ಅದೇ ಬಿಸಿಲು ಹೊಡೆಯುವುದರಿಂದ ನಾವು ಅವನಿಗೆ ಕಾಣುವುದಿಲ್ಲ. ಕಾಲುವೆ ಏರಿಯ ದಾರಿ ನಿರ್ಜನವೆಂದು ಆಸೆ ಹುಟ್ಟಿಸುತ್ತದೆ. ಆದರೆ ತಡೆಗೋಡೆಯಿಲ್ಲದ ಏರಿ ಎಂಥ ಅನಾಹುತ ತರಬಲ್ಲದೆಂಬುದನ್ನು 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಮೃತಪಟ್ಟಾಗ ನಾಡು ಕಂಡಿದೆ. ಇಂಥ ತಿಳಿವಳಿಕೆ ಯಾವ ನಕ್ಷೆಯಲ್ಲಿಯೂ ಇಲ್ಲ. ಹಾಲಿನವರು, ಆಶಾ ಕಾರ್ಯಕರ್ತೆಯರು, ಶಿಕ್ಷಕರು, ಊರಿನ ಸೈಕಲ್ ಅಂಗಡಿಯವರು ಇದನ್ನು ಬಲ್ಲರು.

ಜಾಲ ಹರಿಯುವುದು ಹೆದ್ದಾರಿ ಅಡ್ಡ ಬಂದ ಜಾಗದಲ್ಲಿ. ಅಲ್ಲಿ ಕೆಳಸೇತುವೆ ಇದ್ದರೆ ಅದು ಎರಡು ಕಿಲೋಮೀಟರ್ ಆಚೆಗಿರುತ್ತದೆ. ಸರ್ವೀಸ್ ರಸ್ತೆ ಇದ್ದರೆ ಅರ್ಧದಲ್ಲಿ ಮುಗಿದಿರುತ್ತದೆ. ಜನ ವಿಭಜಕದ ಸಂದಿಯಲ್ಲಿ ಸೈಕಲ್ ಎತ್ತಿ ದಾಟುತ್ತಾರೆ, ಇಲ್ಲವೇ ಎದುರು ದಿಕ್ಕಿನಲ್ಲಿ ಬರುತ್ತಾರೆ. ಅಪಘಾತವಾದಾಗ ಅದನ್ನು ಸವಾರನ ಅಜಾಗರೂಕತೆ ಎಂದು ಬರೆದು ಮುಗಿಸುವುದು ಸುಲಭ.

ನಗರದೊಳಗೆ ಬಣ್ಣ ಬಳಿದ ಸೈಕಲ್ ಪಥ ಮಾಡಿದರೆ ಆಯಿತೆಂಬ ಭಾವನೆಯೂ ಇದೆ. ಬೆಂಗಳೂರಿನ ಜಯನಗರದಲ್ಲಿ 2012ರಲ್ಲಿ ಮಾಡಿದ ಪಥಗಳು ಬಹುಬೇಗ ಕಾರು ನಿಲುಗಡೆಯ ತಾಣಗಳಾದವು. ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆ ಅಭಿಯಾನವೇ 2025ರ ಮಾರ್ಚಿಗೆ ಮುಗಿದಿದೆ. ನಗರದ ಮಧ್ಯದ ಒಂದು ಕಿಲೋಮೀಟರ್ ಪಥಕ್ಕಿಂತ, ಮುರಿದ ಜಾಲವನ್ನು ಕೂಡಿಸುವ ಒಂದು ಸುರಕ್ಷಿತ ದಾಟು ಹೆಚ್ಚಿನ ಫಲ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಇದಕ್ಕೊಂದು ಮಾದರಿ ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯದಲ್ಲಿದೆ. ಅದು ಕಲ್ಲಿದ್ದಲು ಗಣಿಗಳು ಮುಚ್ಚಿಹೋಗಿದ್ದ ಪ್ರದೇಶ. ಗಣಿ ಎಂಜಿನಿಯರ್ ಹ್ಯೂಗೊ ಬೊಲೆನ್ ರೂಪಿಸಿದ ವಿಧಾನವನ್ನು ಅನುಸರಿಸಿ 1995ರಲ್ಲಿ ಅಲ್ಲಿ ಕೂಡುದಾರಿಗಳಿಗೆ ಒಂದೊಂದು ಸಂಖ್ಯೆ ಕೊಡಲಾಯಿತು. ಪ್ರತಿ ಕೂಡುದಾರಿಯಲ್ಲಿ ಮುಂದಿನ ಸಂಖ್ಯೆಯತ್ತ ಬಾಣದ ಗುರುತು. ಸವಾರ ನಾಲ್ಕಾರು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೊರಟರೆ ಸಾಕು. ಇರುವ ಶಾಂತ ರಸ್ತೆಗಳನ್ನೇ ಹೀಗೆ ಪೋಣಿಸಿದ ಈ ಪದ್ಧತಿ ಆಮೇಲೆ ನೆದರ್ಲೆಂಡ್ಸ್‌ಗೂ ಹರಡಿತು. ಹಲಗೆ, ಬಣ್ಣ, ಸ್ವಲ್ಪ ವಿವೇಕ ಇವಿಷ್ಟರಲ್ಲಿ ಆಗುವ ಕೆಲಸ ನಮ್ಮ ಪಂಚಾಯಿತಿಗಳಿಗೆ ಹೊರೆಯಾಗದು.

ಕಾನೂನಿನ ಬೆಂಬಲವೂ ಇದೆ. ಹೆದ್ದಾರಿಗಳಲ್ಲಿ ಪಾದಚಾರಿಗಳ ಮತ್ತು ಯಂತ್ರರಹಿತ ವಾಹನಗಳ ಓಡಾಟದ ಬಗ್ಗೆ ನಿಯಮ ರೂಪಿಸುವ ಅಧಿಕಾರವನ್ನು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಾಜ್ಯಗಳಿಗೆ ಕೊಟ್ಟಿತು. ಆರು ತಿಂಗಳೊಳಗೆ ಇಂಥ ನಿಯಮ ಮಾಡುವಂತೆ ಸುಪ್ರೀಂ ಕೋರ್ಟ್ 2025ರ ಅಕ್ಟೋಬರಿನಲ್ಲಿ ರಾಜ್ಯಗಳಿಗೆ ನಿರ್ದೇಶಿಸಿತು. ನಿಯಮವೆಂದರೆ ನಿಷೇಧವೆಂದಷ್ಟೇ ಅರ್ಥೈಸುವ ಅಪಾಯವಿದೆ. 2023ರ ಆಗಸ್ಟಿನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥಕ್ಕೆ ಬೈಕು, ಆಟೊ, ಸೈಕಲ್ಲುಗಳ ಪ್ರವೇಶ ನಿಷಿದ್ಧವಾಗಿದೆ. ವೇಗದ ಪಥದಿಂದ ಸೈಕಲ್ಲನ್ನು ಹೊರಗಿಡುವುದು ಸರಿಯಾದ ಕ್ರಮವೇ. ಆದರೆ ಹೊರಗಿಟ್ಟವರಿಗೆ ಬೇರೆ ದಾರಿ ತೋರಿಸುವ ಹೊಣೆಯೂ ಅದೇ ಆದೇಶದ ಭಾಗವಾಗಬೇಕು.

ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಈ ಕಾರ್ಯಕ್ಕೆ ಸೂಕ್ತ ವೇದಿಕೆ. ಪ್ರತಿ ಪ್ರೌಢಶಾಲೆಯ ಸುತ್ತ ಐದು ಕಿಲೋಮೀಟರಿನ ನಕ್ಷೆಯೊಂದನ್ನು ಅದು ಬರೆಸಲಿ. ಮಗು ಒಂಟಿಯಾಗಿ ಹೋಗಬಹುದಾದ ರಸ್ತೆ, ದೊಡ್ಡವರು ಎಚ್ಚರದಿಂದ ಹೋಗಬಹುದಾದ ರಸ್ತೆ, ಯಾರೂ ಸೈಕಲ್ ಇಳಿಸಬಾರದ ರಸ್ತೆ ಎಂದು ಮೂರು ಬಣ್ಣ ಸಾಕು. ಜಾಲ ಹರಿದ ಸ್ಥಳಗಳು ಆ ನಕ್ಷೆಯಲ್ಲಿ ತಾವಾಗಿಯೇ ಎದ್ದು ಕಾಣುತ್ತವೆ. ಅಲ್ಲಿ ಕೆಳಸೇತುವೆಗೆ ಹಣ ಒದಗುವವರೆಗೆ ದೀಪ, ವೇಗ ತಗ್ಗಿಸುವ ಪಟ್ಟಿಗಳು, ವಿಭಜಕದ ನಡುವೆ ನಿಂತುಕೊಳ್ಳಲು ಸುರಕ್ಷಿತ ಜಾಗ ಇವನ್ನಾದರೂ ಒದಗಿಸಬೇಕು. ಎಣಿಕೆಯಲ್ಲಿಯೂ ಒಂದು ಪ್ರಶ್ನೆ ಸೇರಬೇಕು: ಈ ರಸ್ತೆ ಸುರಕ್ಷಿತವಾಗಿದ್ದರೆ ನೀವು ಸೈಕಲ್ ಬಳಸುತ್ತಿದ್ದಿರಾ?

ಎಲ್ಲರ ಮನೆಯಲ್ಲೂ ಬೈಕ್ ಇರುವಾಗ ಸೈಕಲ್ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಹದಿನಾಲ್ಕು ವರ್ಷದವರಿಗೆ ಬೈಕ್ ಓಡಿಸುವ ಪರವಾನಗಿ ಇಲ್ಲ. 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತ. ಆದರೆ ಬಸ್ ನಿಲ್ದಾಣದವರೆಗಿನ ಎರಡು ಮೂರು ಕಿಲೋಮೀಟರ್ ಯಾವ ಯೋಜನೆಯಲ್ಲೂ ಸೇರಿಲ್ಲ. ಆ ಅಂತರವನ್ನು ಸೈಕಲ್ಲಿನಷ್ಟು ಅಗ್ಗವಾಗಿ ತುಂಬಬಲ್ಲ ಸಾಧನ ಬೇರೊಂದಿಲ್ಲ. ಎಂಟನೇ ತರಗತಿಯ ಹುಡುಗಿ ಒಬ್ಬಳೇ ತುಳಿದುಕೊಂಡು ಹೋಗಬಹುದಾದ ದಾರಿ, ಕಾರ್ಖಾನೆಯ ಕಾರ್ಮಿಕನಿಗೂ ಹಾಲಿನವನಿಗೂ ನನ್ನಂಥ ವಯೋವೃದ್ಧನಿಗೂ ಒದಗುತ್ತದೆ. ರಸ್ತೆ ಯೋಜಿಸುವವರು ತಮ್ಮ ಲೆಕ್ಕವನ್ನು ಆಕೆಯಿಂದಲೇ ಆರಂಭಿಸಲಿ.